ಅಲುಗುವ ಕಟಾಂಜನ

"ಗುರುಗಳೇ, ಒಬ್ಬರನ್ನೊಬ್ಬರು ಪ್ರೀತಿಸುವವರ ನಡುವೆ ಕಾಯಿದೆಯ ಮಾತು ಏಕೆ ಬರಬೇಕು?" ಎಂದು ಮರಿದೇವ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕೆಳಗೆ ಅವನ ಅಂಗಡಿ, ಮೇಲೆ ಒಂದು ಮಹಡಿ. ಮಹಡಿಯ ಮುಂದೆ ಬೀದಿಗೆ ಚಾಚಿಕೊಂಡ ಬಾಲ್ಕನಿ. ಬಾಲ್ಕನಿಯ ಅಂಚಿಗೆ ತಡೆಯಾಗಿ ಮರದ ಕಂಬಗಳ ಕಟಾಂಜನ. ಆ ಮಹಡಿಯಲ್ಲಿ ಒಬ್ಬ ದರ್ಜಿ ತನ್ನ ಹೆಂಡತಿಯೊಡನೆ ಬಾಡಿಗೆಗಿದ್ದ.

ಹೆಸರಿಗೆ ಬಾಡಿಗೆ. ವ್ಯಾಪಾರಿಗೂ ದರ್ಜಿಗೂ ಅಷ್ಟು ಸ್ನೇಹ. ಸಂಜೆ ಅಂಗಡಿ ಮುಚ್ಚಿದ ಮೇಲೆ ವ್ಯಾಪಾರಿ ಮಹಡಿ ಹತ್ತಿ ಬರುತ್ತಿದ್ದ. ಇಬ್ಬರೂ ಬಾಲ್ಕನಿಯಲ್ಲಿ ಕುಳಿತು ಊರಿನ ಸುದ್ದಿಯನ್ನೆಲ್ಲ ಮಾತಾಡುತ್ತಿದ್ದರು. ವ್ಯಾಪಾರಿಯ ಹೆಂಡತಿ ತೀರಿಕೊಂಡಿದ್ದಳು. ಅವನು ಬೆಳಿಗ್ಗೆ ಏನೂ ತಿನ್ನದೆ ಅಂಗಡಿ ತೆರೆಯುತ್ತಾನೆಂದು ತಿಳಿದ ದಿನದಿಂದ ದರ್ಜಿಯ ಹೆಂಡತಿ ಅವನ ಪಾಲಿನ ತಿಂಡಿಯನ್ನು ಬುಟ್ಟಿಯಲ್ಲಿಟ್ಟು, ಬಾಲ್ಕನಿಯಿಂದ ಹಗ್ಗದಲ್ಲಿ ಇಳಿಬಿಡುತ್ತಿದ್ದಳು. "ಅಣ್ಣಾ, ಆರಿ ಹೋಗುತ್ತೆ, ಗಿರಾಕಿಯನ್ನು ಆಮೇಲೆ ನೋಡಿ" ಎಂದು ಮೇಲಿನಿಂದ ಗದರುತ್ತಿದ್ದಳು. ಅವನು ನಗುತ್ತ ಬುಟ್ಟಿ ಬಿಚ್ಚಿಕೊಳ್ಳುತ್ತಿದ್ದ.

ಒಂದು ಮಳೆಗಾಲ ಕಳೆದ ಮೇಲೆ ಕಟಾಂಜನದ ಒಂದು ಮೂಲೆ ಅಲುಗತೊಡಗಿತು. ಮೊದಲು ಗಮನಿಸಿದವಳು ದರ್ಜಿಯ ಹೆಂಡತಿ.

"ಅಣ್ಣನಿಗೆ ಹೇಳಿ, ಸರಿ ಮಾಡಿಸಲಿ" ಎಂದಳು.

ದರ್ಜಿ ಹ್ಞೂಂ ಎಂದ. ಹೇಳಲಿಲ್ಲ. ಸುತ್ತಮುತ್ತಲಿನವರೆಲ್ಲ ಬಾಡಿಗೆ ಏರಿಸಿದಾಗಲೂ ವ್ಯಾಪಾರಿ ಏರಿಸಿರಲಿಲ್ಲ. ಅಂಥವನ ಮುಂದೆ ನಿಂತು ಅದು ಸರಿಯಿಲ್ಲ, ಇದು ಸರಿಯಿಲ್ಲ ಎನ್ನಲು ದರ್ಜಿಗೆ ಬಾಯಿ ಬರಲಿಲ್ಲ. ಹೆಂಡತಿ ಮತ್ತೆ ನೆನಪಿಸಿದಾಗ ಒಂದು ಹಗ್ಗ ತಂದು ಅಲುಗುವ ಕಂಬವನ್ನು ಪಕ್ಕದ ಕಂಬಕ್ಕೆ ಬಿಗಿದು ಕಟ್ಟಿದ. ಗೆಳೆಯನ ಕಣ್ಣಿಗೆ ಬಿದ್ದರೆ ನೊಂದುಕೊಂಡಾನು ಎಂದು ಹಗ್ಗದ ಮೇಲೆ ಒಂದು ಪಂಚೆಯನ್ನೂ ಒಣಹಾಕಿದ.

ವ್ಯಾಪಾರಿಗೆ ಗೊತ್ತಿರಲಿಲ್ಲವೆಂದಲ್ಲ. ಒಂದು ಸಂಜೆ ಕಟಾಂಜನಕ್ಕೆ ಒರಗಿದಾಗ ಅದು ಕಿರುಗುಟ್ಟಿದ್ದು ಅವನಿಗೂ ಕೇಳಿಸಿತ್ತು. ತೊಂದರೆಯಿದ್ದರೆ ಗೆಳೆಯ ಹೇಳದೆ ಇರುತ್ತಾನೆಯೆ, ಎಂದುಕೊಂಡು ಸುಮ್ಮನಾಗಿದ್ದ.

ಒಂದು ಬೆಳಿಗ್ಗೆ ದರ್ಜಿಯ ಹೆಂಡತಿ ಎಂದಿನಂತೆ ಬುಟ್ಟಿ ಇಳಿಬಿಟ್ಟಳು. ಕೆಳಗೆ ಅಂಗಡಿಯ ಬೋರ್ಡಿಗೆ ಬುಟ್ಟಿ ಸಿಕ್ಕಿಕೊಂಡಿತು. ಬಿಡಿಸಲು ಸ್ವಲ್ಪ ಮುಂದೆ ಬಾಗಿದಳು. ಕಂಬ ಬುಡಸಮೇತ ಕಿತ್ತುಬಂತು. ಅವಳು ಅಂಗಡಿಯ ಮೆಟ್ಟಿಲ ಮೇಲೆ ಬಿದ್ದಳು.

ದರ್ಜಿ ಹೊಲಿಗೆ ಬಿಟ್ಟು ಓಡಿ ಬರುವಷ್ಟರಲ್ಲಿ ವ್ಯಾಪಾರಿ ಅವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು "ತಂಗೀ, ತಂಗೀ" ಎಂದು ಕೂಗುತ್ತಿದ್ದ. ದರ್ಜಿ ಮೇಲೆ ನೋಡಿದ. ತಾನು ಹಾಕಿದ ಗಂಟು ಹಾಗೇ ಬಿಗಿಯಾಗಿತ್ತು. ಕಂಬ ಅದರಲ್ಲಿ ತೂಗಾಡುತ್ತಿತ್ತು.

ಜೀವಕ್ಕೆ ಅಪಾಯವಾಗಲಿಲ್ಲ. ತೊಡೆಯ ಮೂಳೆ ಮುರಿದಿತ್ತು. ಅವಳು ಬಹಳ ಕಾಲ ಆಸ್ಪತ್ರೆಯಲ್ಲಿ ಮಲಗಿದಳು. ಇಬ್ಬರು ಗಂಡಸರೂ ಮಂಚದ ಆಚೆಗೊಬ್ಬ ಈಚೆಗೊಬ್ಬ ಕುಳಿತಿರುತ್ತಿದ್ದರು. ವ್ಯಾಪಾರಿ ತಪ್ಪು ನನ್ನದು ಎಂದು ಕಣ್ಣೀರು ಹಾಕಿದರೆ ದರ್ಜಿ ಅವನ ಕೈ ಹಿಡಿದು, "ಇದರಲ್ಲಿ ನಿನ್ನದೇನಿದೆ, ಎಲ್ಲ ನಮ್ಮ ಗ್ರಹಚಾರ" ಎನ್ನುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು.

ಊರುಗೋಲು ಹಿಡಿದು ಮನೆಗೆ ಬಂದ ದಿನ ಅವಳು ಬಾಲ್ಕನಿಯ ಬಾಗಿಲು ತೆಗೆಸಿ ನೋಡಿದಳು. ಮಾರನೆಯ ದಿನ ವಕೀಲರನ್ನು ಕರೆಸಿ ವ್ಯಾಪಾರಿಯ ಮೇಲೆ ದಾವೆ ಹೂಡಿದಳು.

ದರ್ಜಿಗೆ ನೆಲ ಕುಸಿದಂತಾಯಿತು. "ಅವನನ್ನು ಕೋರ್ಟಿಗೆ ಎಳೆಯುತ್ತೀಯಾ? ನಾನು ಅವನನ್ನು ಎಂದೋ ಕ್ಷಮಿಸಿಬಿಟ್ಟಿದ್ದೇನೆ" ಎಂದ.

"ಬಿದ್ದವಳು ನಾನು. ಕ್ಷಮಿಸುವುದಕ್ಕೆ ನೀವು ಯಾರು?" ಎಂದಳು ಅವಳು.

ದರ್ಜಿ ಆ ರಾತ್ರಿ ಉಣ್ಣಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿ ಹುಡುಕಿ ಸೋತ.

ವಿಚಾರಣೆಯ ದಿನ ನ್ಯಾಯಾಧೀಶರು ವ್ಯಾಪಾರಿಯನ್ನು ಕೇಳುವ ಮೊದಲೇ ದರ್ಜಿ ಎದ್ದು ನಿಂತ.

"ಸ್ವಾಮಿ, ಇವನ ತಪ್ಪಿಲ್ಲ. ಅಲುಗುವುದು ನನಗೆ ಗೊತ್ತಿತ್ತು. ಹಗ್ಗ ಕಟ್ಟಿ ಮುಚ್ಚಿಟ್ಟವನು ನಾನು."

"ಇಲ್ಲ ಸ್ವಾಮಿ, ಮನೆ ನನ್ನದು. ಕಿರುಗುಟ್ಟಿದ್ದು ನನ್ನ ಕಿವಿಗೂ ಬಿದ್ದಿತ್ತು" ಎಂದ ವ್ಯಾಪಾರಿ.

"ಅವನ ಮಾತು ಕೇಳಬೇಡಿ. ಅವನು ಬಲು ಒಳ್ಳೆಯವನು."

"ಒಳ್ಳೆಯವನು ಇವನು. ನನಗೆ ನೋವಾಗದಿರಲೆಂದು ಹೀಗೆ ಹೇಳುತ್ತಿದ್ದಾನೆ."

ಕೋರ್ಟಿನಲ್ಲಿದ್ದವರು ನಕ್ಕರು. ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವವರನ್ನು ನೋಡಿ ನೋಡಿ ಬೇಸತ್ತಿದ್ದ ನ್ಯಾಯಾಧೀಶರು ಕೂಡ ಮುಗುಳ್ನಕ್ಕರು. ಆಗ ಅವಳು ಊರುಗೋಲು ಊರಿ ಎದ್ದಳು.

"ಸ್ವಾಮಿ, ಆಸ್ಪತ್ರೆಯಲ್ಲೂ ಇವರಿಬ್ಬರದು ಇದೇ ಮಾತು. ಹೋಟೆಲಿನ ಬಿಲ್ಲು ನಾನು ಕೊಡುತ್ತೇನೆ, ನಾನು ಕೊಡುತ್ತೇನೆ ಎಂದು ಜಗ್ಗಾಡುವವರ ಹಾಗೆ ತಪ್ಪಿಗಾಗಿ ಜಗ್ಗಾಡುತ್ತಾರೆ. ಆ ಕಂಬ ಇವತ್ತಿಗೂ ಅದೇ ಹಗ್ಗದಲ್ಲಿ ತೂಗಾಡುತ್ತಿದೆ. ಅದರ ಕೆಳಗೇ ಜನ ಪಾತ್ರೆ ಕೊಳ್ಳುತ್ತಿದ್ದಾರೆ."

ಯಾರೂ ನಗಲಿಲ್ಲ. ದರ್ಜಿ ತಲೆ ತಗ್ಗಿಸಿದ. ದಿನವೂ ಅದರ ಕೆಳಗೇ ಹಾದು ಆಸ್ಪತ್ರೆಗೆ ಹೋಗಿ ಬಂದಿದ್ದ. ಒಮ್ಮೆಯೂ ಅವನ ಕಣ್ಣು ಅದನ್ನು ಕಂಡಿರಲಿಲ್ಲ.

"ನಿಮಗೇನು ಬೇಕಮ್ಮ?" ಎಂದು ನ್ಯಾಯಾಧೀಶರು ಕೇಳಿದರು.

"ನಾನು ಮತ್ತೆ ಆ ಬಾಲ್ಕನಿಯಲ್ಲಿ ಹೆದರಿಕೆಯಿಲ್ಲದೆ ನಿಲ್ಲಬೇಕು. ನಮ್ಮಣ್ಣನಿಗೆ ಮೇಲಿನಿಂದಲೇ ಬಯ್ಯಬೇಕು. ಅಷ್ಟೇ."

ವ್ಯಾಪಾರಿ ಮುಖ ಮುಚ್ಚಿಕೊಂಡು ಅತ್ತ.

ನ್ಯಾಯಾಧೀಶರು ತೀರ್ಪು ಹೇಳಿದರು. ಮನೆಯ ಗೋಡೆ, ಮೆಟ್ಟಿಲು, ಬಾಲ್ಕನಿಗಳನ್ನು ಗಟ್ಟಿಯಾಗಿ ಇಡುವ ಹೊಣೆ ಮನೆಯೊಡೆಯನದು. ಕೆಟ್ಟಿರುವುದು ಗೊತ್ತಾದ ಮೇಲೆ, ಯಾರಾದರೂ ಬಂದು ಹೇಳಲಿ ಎಂದು ಕಾಯುವ ಹಕ್ಕು ಅವನಿಗಿಲ್ಲ. ಚಿಕಿತ್ಸೆಯ ಭಾರವನ್ನು ಅವನು ಹೊರಬೇಕು, ಕಟಾಂಜನವನ್ನು ಕೂಡಲೇ ಕಟ್ಟಿಸಬೇಕು. ವಾಸವಿರುವವನು ಅಪಾಯವನ್ನು ಕಂಡೊಡನೆ ತಿಳಿಸಬೇಕು, ಸರಿಯಾಗುವವರೆಗೆ ಆ ಬಾಗಿಲನ್ನು ಮುಚ್ಚಿಡಬೇಕು. ಮರೆಮಾಡಿದ್ದರಿಂದ ಅವನಿಗೂ ಹೊಣೆಯಲ್ಲಿ ಪಾಲುಂಟು. "ನಿಮ್ಮಿಬ್ಬರ ಸ್ನೇಹ ದೊಡ್ಡದು. ಆದರೆ ಬೀಳುವವರನ್ನು ಅದು ಹಿಡಿದುಕೊಳ್ಳುವುದಿಲ್ಲ" ಎಂದರು.

ಮೂವರೂ ಒಂದೇ ಗಾಡಿಯಲ್ಲಿ ಮನೆಗೆ ಬಂದರು. ಇಳಿಯುವಾಗ ಅವಳು ವ್ಯಾಪಾರಿಯ ಕಡೆಗೆ ಕೈ ಚಾಚಿದಳು. ಅವನು ತೋಳು ಹಿಡಿದು ಇಳಿಸಿದ.

ಅಂದೇ ಬಡಗಿ ಬಂದ. ಕಂಬವೊಂದೇ ಅಲ್ಲ, ಅದನ್ನು ಹೊತ್ತ ತೊಲೆಯ ತುದಿಯೂ ನೀರಿಳಿದು ಕೊಳೆತು ಲಡ್ಡಾಗಿತ್ತು. ತೊಲೆಯನ್ನೇ ಬದಲಾಯಿಸಿದರು. ದರ್ಜಿ ಹಲಗೆ ಹಿಡಿದ, ವ್ಯಾಪಾರಿ ಏಣಿ ಹಿಡಿದ. ಅವಳು ಬೀದಿಯಾಚೆ ಕುರ್ಚಿ ಹಾಕಿಸಿಕೊಂಡು ಕುಳಿತು ಅಪ್ಪಣೆ ಕೊಟ್ಟಳು. ಎದೆಮಟ್ಟ ಎತ್ತರ ಇರಲಿ, ಮಗುವಿನ ತಲೆ ತೂರದಷ್ಟು ಸಂದು ಇರಲಿ, ಹತ್ತಿ ನಿಲ್ಲುವಂಥ ಅಡ್ಡಪಟ್ಟಿ ಬೇಡ, ನೀರು ನಿಲ್ಲದಂತೆ ನೆಲಕ್ಕೆ ಇಳಿಜಾರು ಇರಲಿ. ಬಡಗಿ ಬೇಸರಪಟ್ಟುಕೊಂಡರೂ ಹೇಳಿದಂತೆ ಮಾಡಿದ. ಕೆಲಸ ಮುಗಿದ ಮೇಲೆ ಅವಳು ಮೇಲೆ ಹತ್ತಿ, ಒಂದೊಂದು ಕಂಬವನ್ನೂ ಹಿಡಿದು ಜಗ್ಗಿ ನೋಡಿದಳು. ಆಮೇಲೆ ಒರಗಿ ನಿಂತಳು.

ಅವಳ ಕಾಲು ಕುಂಟಾಗಿಯೇ ಉಳಿಯಿತು. ಸ್ನೇಹ ಕೆಡಲಿಲ್ಲ. ದರ್ಜಿ ಮಾತ್ರ ಬದಲಾದ. ಮೆಟ್ಟಿಲ ಕಲ್ಲು ಸಡಿಲವಾದರೆ ಗಿರಾಕಿಗಳೆದುರೇ ಹೋಗಿ ಹೇಳುತ್ತಿದ್ದ. ವ್ಯಾಪಾರಿ ಗೊಣಗುತ್ತಿದ್ದ, ಗೊಣಗುತ್ತಲೇ ಗಾರೆಯವನನ್ನು ಕರೆಯಲು ಹೊರಡುತ್ತಿದ್ದ. ಮೊದಲ ಸಲ ಹಾಗೆ ಹೇಳಿ ಬಂದಾಗ ಗೆಳೆಯ ಇನ್ನು ಬರಲಾರನೆಂದು ದರ್ಜಿ ಹೆದರಿದ್ದ. ಸಂಜೆ ಗೆಳೆಯ ಎಂದಿನಂತೆ ಮಹಡಿ ಹತ್ತಿ ಬರುವ ಸದ್ದು ಕೇಳಿದಾಗ ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಗುರುಗಳು ಕತೆ ನಿಲ್ಲಿಸಿದರು. ಮರಿದೇವ ಕೇಳಿದ.

"ಹಾಗಾದರೆ ಗುರುಗಳೇ, ಮೊದಲು ಅವರಿಬ್ಬರ ನಡುವೆ ಇದ್ದದ್ದು ನಿಜವಾದ ಪ್ರೀತಿಯಲ್ಲವೆ?"

ಗುರುಗಳು ಅವನ ತಲೆ ನೇವರಿಸಿದರು.

"ನಿಜವಾದದ್ದೇ ಮಗು; ಆದರೆ ಅದು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ."