ಎರಡನೇ ಭಾಗದ ಪೊದೆ

ಅಡಗಿಕೊಂಡು ಆಡುವ ವಿಡಿಯೊ ಗೇಮ್ ಒಂದರ ಎರಡನೇ ಭಾಗ ಬಂತು. ನಾಯಕ ಅಡಗುತ್ತಿದ್ದ ಪೊದೆಯ ಎಲೆಗಳು ದಟ್ಟವಾದವು, ಅವನಿಗೆ ಹೊಸ ಕಣ್ಣು ಬಂತು.

ಮೊದಲ ದಿನವೇ ಕೋಟೆಯ ಕಾವಲುನಾಯಿ ಓಡಿಬಂದು ಪೊದೆಯೊಳಗೆ ನುಗ್ಗಿತು.

"ಏನಯ್ಯಾ, ಹುಡುಕುವವನೇ ಅಡಗಲು ಬಂದೆಯಾ?" ಎಂದು ಪೊದೆ ನಕ್ಕಿತು.

"ನಗಬೇಡಮ್ಮಾ. ಹಿಂದೆ ನಾಯಕ ನಮಗೆ ಹೆದರಿ ಅಡಗುತ್ತಿದ್ದ. ಈಗ ನಮ್ಮನ್ನೇ ಹುಡುಕಿ ಕೊಲ್ಲುತ್ತಿದ್ದಾನೆ. ಕಾಪಾಡು."

"ಕೂತುಕೋ. ಅವನು ನನ್ನೊಳಗಿದ್ದಾಗ ನೀನು ಎಷ್ಟು ಮೂಸಿದರೂ ಬಿಟ್ಟುಕೊಟ್ಟೆನೇ? ನಿನ್ನನ್ನೂ ಬಿಟ್ಟುಕೊಡುವುದಿಲ್ಲ."

ನಾಯಕ ಬಂದು ನಿಂತ. ಪೊದೆ ಎಲೆಗಳನ್ನೆಲ್ಲ ಬಿಗಿಹಿಡಿಯಿತು. ಹೊಸ ಕಣ್ಣು ಎಲೆಗಳ ಆಚೆಗೂ ನೋಡುತ್ತದೆಂದು ಅದಕ್ಕೆ ತಿಳಿದಿರಲಿಲ್ಲ. ಅವನು ನೇರವಾಗಿ ನಾಯಿಯ ಕಡೆಗೇ ಕತ್ತಿ ಎತ್ತಿದ.

"ತಡೆಯಪ್ಪಾ! ಇದೇ ಜಾಗದಲ್ಲಿ ನೀನೂ ನಡುಗುತ್ತ ಕೂತಿದ್ದೆ," ಎಂದಿತು ಪೊದೆ.

"ಅದು ಮೊದಲನೇ ಭಾಗದಲ್ಲಿ," ಎಂದು ಹೇಳಿ ನಾಯಕ ಕತ್ತಿ ಬೀಸಿದ.