ತೊಟ್ಟಿಕ್ಕದ ಕಾರು

“ಗುರುಗಳೇ, ನನ್ನ ಮನೆಯಲ್ಲಿ ಜಗಳವೆಂಬುದೇ ಇರಲಿಲ್ಲ,” ಎಂದ ನೀಲಕಂಠಪ್ಪ. “ಮದುವೆಯಾದ ಹೊಸದರಲ್ಲಿ ನನ್ನಾಕೆ ಗೊಣಗುತ್ತಿದ್ದಳು. ನಾನು ತಿದ್ದಿದೆ. ಆಮೇಲೆ ಹನ್ನೊಂದು ವರ್ಷ ಅವಳ ಬಾಯಿಂದ ಒಂದು ದೂರೂ ಬರಲಿಲ್ಲ. ಹೋದ ತಿಂಗಳು ಏನೂ ಹೇಳದೆ ತವರಿಗೆ ಹೋದಳು. ಇನ್ನು ಬರುವುದಿಲ್ಲವಂತೆ. ಇಷ್ಟು ಚೆನ್ನಾಗಿದ್ದ ಸಂಸಾರ ಹೀಗೇಕೆ ಒಡೆಯಿತು?”

ಗುರುಗಳು ಎದುರಿನ ಚಾಪೆಯನ್ನು ತೋರಿಸಿದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಮೇಸ್ತ್ರಿ ಇದ್ದ. ಹಳೆಯ ಕಾರುಗಳ ಎಂಜಿನ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದು ಅವನ ಕಸುಬು. ಅವನು ಜೋಡಿಸಿದ ಎಂಜಿನ್ನಿನಿಂದ ಎಣ್ಣೆಯಾಗಲಿ ನೀರಾಗಲಿ ಒಂದು ಹನಿಯೂ ಹೊರಗೆ ಬರುತ್ತಿರಲಿಲ್ಲ. ಕೆಲಸ ಮುಗಿದ ಕಾರಿನಡಿ ಒಗೆದ ಬಿಳಿ ಪಂಚೆ ಹಾಸಿ, ಮರುದಿನ ಅದನ್ನು ಕೊಡವಿ, ಯಜಮಾನನ ಎದುರಿಗೇ ಹೆಗಲಿಗೆ ಹಾಕಿಕೊಳ್ಳುವುದು ಅವನ ಪದ್ಧತಿ. ಆ ಪಂಚೆಗೆ ಕಲೆ ತಾಗಿದ್ದನ್ನು ಊರು ಕಂಡಿರಲಿಲ್ಲ.

ಒಮ್ಮೆ ಒಬ್ಬ ವಕೀಲ ತನ್ನ ತಂದೆಯ ಕಾಲದ ಕಾರನ್ನು ತಂದ. ಅದನ್ನು ಮಾಡಿದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಎಂಜಿನ್ ಕೆಟ್ಟರೆ ಇನ್ನೊಂದು ಸಿಗುವಂತಿರಲಿಲ್ಲ.

“ಇದು ಹೋದರೆ ನಮ್ಮ ತಂದೆಯೇ ಇನ್ನೊಮ್ಮೆ ಹೋದಂತೆ, ಮೇಸ್ತ್ರಿ. ಅವರು ದಿನಾ ಬೆಳಿಗ್ಗೆ ಇದರ ಕೆಳಗೊಂದು ತಟ್ಟೆ ಇಟ್ಟು, ಎಷ್ಟು ಹನಿ ಬಿತ್ತೆಂದು ಬಗ್ಗಿ ನೋಡುತ್ತಿದ್ದರು.”

“ಕಾರಿಗೂ ಬಾಣಂತನವೇ, ರಾಯರೇ?” ಎಂದು ಮೇಸ್ತ್ರಿ ನಕ್ಕ. “ಆ ತಟ್ಟೆಯನ್ನು ಅಡುಗೆಮನೆಗೆ ಕೊಟ್ಟುಬಿಡಿ. ನನ್ನ ಕೈ ದಾಟಿದ ಗಾಡಿ ತೊಟ್ಟಿಕ್ಕುವುದಿಲ್ಲ.”

ಒಂದು ತಿಂಗಳು ಅವನು ಬೇರೆ ಕೆಲಸ ಮುಟ್ಟಲಿಲ್ಲ. ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಉಜ್ಜಿದ. ಕೂಡುವ ಅಂಚುಗಳ ಮೇಲಿನ ಹಳೆಯ ಅಂಟನ್ನು ಬ್ಲೇಡಿನಿಂದ ಹೆರೆದ. ಸೋರದಂತೆ ಅವುಗಳ ನಡುವೆ ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಿದ. ಕೊನೆಗೆ ಪಂಚೆ ಹಾಸಿದ. ಬೆಳಿಗ್ಗೆ ನೋಡಿದರೆ ಪಂಚೆಯ ನಡುವೆ ಕಾಸಿನಗಲದ ಒದ್ದೆ.

ನೀರಿನ ಪಂಪಿನ ಅಡಿಯಲ್ಲಿ ಕಡ್ಡಿ ತೂರುವಷ್ಟು ಚಿಕ್ಕದೊಂದು ತೂತಿತ್ತು. ಹನಿ ಬಂದದ್ದು ಅಲ್ಲಿಂದ. ಒಳಗೆ ನೀರು ತಡೆಯುವ ಸೀಲು ಸವೆದಾಗ ನೀರು ಪಂಪು ತಿರುಗುವ ಬೇರಿಂಗಿಗೆ ಹೋಗದೆ ಹೊರಗೆ ಬರಲಿ, ನೋಡಿದವರಿಗೆ ತಿಳಿಯಲಿ ಎಂದು ಕಾರು ಮಾಡಿದವರೇ ಅದನ್ನು ಬಿಟ್ಟಿದ್ದರು. ಮೇಸ್ತ್ರಿಗೆ ಅದು ಗೊತ್ತಿತ್ತು. ಪಂಪನ್ನು ಬಿಚ್ಚಿ ಸೀಲು ಬದಲಿಸಬೇಕೆಂಬುದೂ ಗೊತ್ತಿತ್ತು. ಆದರೆ ಆಗಲೇ ಬೀದಿಯ ತಿರುವಿನಲ್ಲಿ ವಕೀಲನ ದನಿ ಕೇಳಿಸಿತು. ಪಂಚೆ ತೋರಿಸಲೆಂದು ನಾಲ್ವರು ಗೆಳೆಯರನ್ನು ಕರೆತರುತ್ತಿದ್ದ.

ಮೇಸ್ತ್ರಿ ತೂತನ್ನು ಒರೆಸಿ, ಒಣಗಿಸಿ, ಅಂಟು ತುಂಬಿದ. ಪಂಚೆಯನ್ನು ಒದ್ದೆ ಒಳಗಾಗುವಂತೆ ಮಡಚಿ ಹೆಗಲಿಗೆ ಹಾಕಿಕೊಂಡ. ಹತ್ತು ದಿನ ಬಿಟ್ಟು ಕಾರನ್ನು ಕರೆಸಿ ಸೀಲು ಹಾಕಿದರಾಯಿತು ಎಂದುಕೊಂಡ. ಕಾರು ತೊಟ್ಟಿಕ್ಕಲಿಲ್ಲ. ಹನಿ ಕಾಣದ ಮೇಲೆ ಕರೆಸುವುದೂ ಮರೆತುಹೋಯಿತು.

ಎಂಟು ತಿಂಗಳು ಕಾರು ಸದ್ದಿಲ್ಲದೆ ಓಡಿತು. ಒಂಬತ್ತನೆಯ ತಿಂಗಳು ಘಾಟಿಯ ಏರಿನಲ್ಲಿ ಪಂಪು ತಿರುಗದೆ ಹಿಡಿದುಕೊಂಡಿತು. ನೀರು ಕುದಿಯಿತು. ವಕೀಲ ಕಾರು ನಿಲ್ಲಿಸುವಷ್ಟರಲ್ಲಿ ಎಂಜಿನ್ ಬಿರುಕು ಬಿಟ್ಟಿತ್ತು.

ಮೇಸ್ತ್ರಿ ಪಂಪನ್ನು ಬಿಚ್ಚಿದ. ಬೇರಿಂಗು ತುಕ್ಕು ಹಿಡಿದು ಪುಡಿಯಾಗಿತ್ತು. ತೂತಿನಲ್ಲಿ ತಾನು ತುಂಬಿದ ಅಂಟು ಮಾತ್ರ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ.

ವಕೀಲ ಬೈಯಲಿಲ್ಲ. “ತೊಟ್ಟಿಕ್ಕುತ್ತಿದ್ದಾಗಲೇ ಚೆನ್ನಾಗಿತ್ತು, ಮೇಸ್ತ್ರಿ,” ಎಂದಷ್ಟೇ ಹೇಳಿದ.

ಅಂದಿನಿಂದ ಮೇಸ್ತ್ರಿ ಯಾವ ಕಾರಿನಡಿಯೂ ಪಂಚೆ ಹಾಸಲಿಲ್ಲ, ತಟ್ಟೆ ಇಡುತ್ತಿದ್ದ. ಆದರೆ ಆ ಒಂದು ಕಾರಿಗೆ ಇನ್ನು ತಟ್ಟೆ ಬೇಕಾಗಿರಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು.

“ಗೊತ್ತಿದ್ದೂ ಮುಚ್ಚಿದನೇ? ಎಂಥ ಮೂರ್ಖ,” ಎಂದ ನೀಲಕಂಠಪ್ಪ.

ಗುರುಗಳು ಕೇಳಿದರು: “ನಿನ್ನಾಕೆ ಗೊಣಗುವುದನ್ನು ಬಿಟ್ಟಳೆಂದು ನೀನು ಯಾರ ಯಾರ ಮುಂದೆ ಹೇಳಿಕೊಂಡು ಹಿಗ್ಗಿದೆ?”