ಬೆಲ್ಲ ಕಾಯಿಸುವವನ ನೆನಪು

ಶಿಷ್ಯ ಕೇಳಿದ: "ಗುರುಗಳೇ, ಕತೆಗಳಲ್ಲಿ ಒಬ್ಬ ಕಾಲದಲ್ಲಿ ಹಿಂದಕ್ಕೆ ಹೋಗುತ್ತಾನೆ. ನಡೆದದ್ದನ್ನು ಬದಲಿಸಿ ಬರುತ್ತಾನೆ. ಬಂದ ಮೇಲೆ ಅವನಿಗೆ ಯಾವುದು ನೆನಪಿರುತ್ತದೆ? ಮೊದಲು ನಡೆದದ್ದೋ, ಬದಲಿಸಿದ ಮೇಲೆ ನಡೆದದ್ದೋ?"

ಗುರುಗಳು ಮಠದ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಿನ್ನೆ ಊಟದ ಪಂಕ್ತಿಯಲ್ಲಿ ಗಲಾಟೆ ಆದದ್ದು ಇದಕ್ಕೇನು?"

"ಹೌದು. ಮೊದಲಿನ ನೆನಪೇ ಉಳಿಯುತ್ತದೆ ಎಂದು ನಾನು. ನಡೆದದ್ದೇ ಬದಲಾದರೆ ನೆನಪೂ ಬದಲಾಗಬೇಕು ಎಂದು ನನ್ನ ಜೊತೆ ಓದುವ ನಂಜುಂಡ. ಎಷ್ಟು ಹೇಳಿದರೂ ಒಪ್ಪಲಿಲ್ಲ. ಇವನ ತಲೆಗೆ ಕತೆ ಯಾಕೆ, ಸೌದೆ ಒಡೆದುಕೊಂಡು ಬಿದ್ದಿರಲಿ ಎಂದೆ. ಎಲ್ಲರೂ ನಕ್ಕರು."

"ಅವನೂ ನಕ್ಕನೋ?"

"ಎಲೆ ಬಿಟ್ಟು ಎದ್ದುಹೋದ. ಅದು ಹಾಗಿರಲಿ ಗುರುಗಳೇ. ಯಾವುದು ಸರಿ, ಹೇಳಿ."

ಗುರುಗಳು ಮೊರವನ್ನು ಪಕ್ಕಕ್ಕೆ ತಳ್ಳಿದರು.

"ಹಾಗಿರಲಿ ಅಂತೆ. ನಿಮಗೆಲ್ಲ ಪಾಠ ಹೇಳಿ ನನ್ನ ಗಂಟಲು ಒಣಗಿದ್ದೇ ಬಂತು. ಕೂತುಕೋ. ನಡುವೆ ಬಾಯಿ ಹಾಕಬೇಡ."

ಶಿಷ್ಯ ಕೂತ. ಗುರುಗಳು ಹೇಳಿದರು:

ಒಬ್ಬ ಬೆಲ್ಲ ಕಾಯಿಸುವವನಿದ್ದ. ಅವನಿಗೊಬ್ಬ ತಮ್ಮ. ಇಬ್ಬರೂ ಸೇರಿ ಒಂದು ಆಲೆಮನೆ ನಡೆಸುತ್ತಿದ್ದರು. ತಮ್ಮ ಒಲೆಗೆ ಕಬ್ಬಿನ ಸಿಪ್ಪೆ ಹಾಕುವುದು. ಅಣ್ಣ ಕೊಪ್ಪರಿಗೆಯ ಮುಂದೆ ನಿಂತು ಪಾಕ ನೋಡುವುದು. ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸುವನು. ಉಂಡೆ ಕಟ್ಟಿದರೆ ಕೊಪ್ಪರಿಗೆ ಇಳಿಸಬೇಕು. ಆ ಗಳಿಗೆ ಮೀರಿದರೆ ಬೆಲ್ಲ ಕಪ್ಪಾಗುತ್ತದೆ, ಕಹಿಯಾಗುತ್ತದೆ. ಅದನ್ನು ಮತ್ತೆ ಕಬ್ಬಿನ ಹಾಲು ಮಾಡಲಾಗುವುದಿಲ್ಲ, ಕಬ್ಬೂ ಮಾಡಲಾಗುವುದಿಲ್ಲ.

ತಮ್ಮನಿಗೆ ಹರಟೆ ಹೆಚ್ಚು. ಒಂದು ದಿನ ಮಾತಿನ ಭರದಲ್ಲಿ ಒಲೆಗೆ ಸಿಪ್ಪೆ ತುಂಬಿದ್ದೇ ತುಂಬಿದ್ದು. ಪಾಕ ಮೀರಿತು. ಬಿಸಿ ಬೆಲ್ಲ ತಿನ್ನಲು ಊರವರು ಬಂದು ನಿಂತಿದ್ದರು. ಅಣ್ಣ ಅವರೆಲ್ಲರ ಎದುರು ತಮ್ಮನಿಗೆ ಹೇಳಿದ: "ಒಲೆಯ ಬೂದಿಗಿಂತ ಕಡೆ ನೀನು. ತೊಲಗು."

ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ರೂಢಿ. ದಾರಿಹೋಕನಿಗೂ ಎಲೆಯ ಮೇಲೆ ಒಂದು ಮುದ್ದೆ ಬೆಲ್ಲ ಸಿಗುತ್ತದೆ. ಆ ಮನೆಯಿಂದ ತಮ್ಮನೊಬ್ಬನೇ ಬರಿಗೈಯಲ್ಲಿ ಹೋದ. ಮತ್ತೆ ಬರಲಿಲ್ಲ.

ಅಣ್ಣ ಸಂತೆಗಳಲ್ಲಿ ಹುಡುಕಿದ. ಎಲ್ಲಾದರೂ ಉರಿ ಹಾಕುತ್ತಿರಬಹುದೆಂದು ಬೇರೆ ಬೇರೆ ಆಲೆಮನೆಗಳ ಒಲೆ ಬಗ್ಗಿ ಬಗ್ಗಿ ನೋಡಿದ. ಕೊನೆಗೆ ಬೆಟ್ಟ ಹತ್ತಿದ. ಅಲ್ಲೊಬ್ಬ ಸನ್ಯಾಸಿ ಇದ್ದ. ಮನುಷ್ಯರನ್ನು ಹಿಂದಿನ ದಿನಕ್ಕೆ ಕಳಿಸುವ ವಿದ್ಯೆ ಅವನಿಗೆ ಗೊತ್ತಿತ್ತು.

"ಸ್ವಾಮಿ, ಆ ದಿನಕ್ಕೆ ನನ್ನನ್ನು ಕಳಿಸಿ. ಆ ಮಾತೊಂದನ್ನು ನುಂಗಿಬಿಡುತ್ತೇನೆ" ಎಂದ.

ಸನ್ಯಾಸಿ ಕಳಿಸಿದ. ಅಣ್ಣ ಮಾತು ನುಂಗಿದ. ತಮ್ಮ ಮನೆ ಬಿಡಲಿಲ್ಲ.

ನಡೆದದ್ದು ಬದಲಾಯಿತು. ಜೊತೆಗೆ ನೆನಪೂ ಬದಲಾಯಿತು. ತಮ್ಮ ಹೋಗಿಯೇ ಇಲ್ಲ ಎಂದ ಮೇಲೆ ಹುಡುಕಿದ್ದೂ ಇಲ್ಲ, ಅತ್ತದ್ದೂ ಇಲ್ಲ, ಬೆಟ್ಟ ಹತ್ತಿದ್ದೂ ಇಲ್ಲ. ಮುಂದಿನ ವರ್ಷ ಆಲೆಮನೆ ಹೂಡಿದಾಗ ತಮ್ಮ ಮತ್ತೆ ಹರಟಿದ, ಪಾಕ ಮತ್ತೆ ಮೀರಿತು. ಅಣ್ಣ ಅದೇ ಮಾತು ಆಡಿದ. ತಮ್ಮ ಹೋದ. ಅಣ್ಣ ಬೆಟ್ಟ ಹತ್ತಿದ.

ಹೀಗೆ ಎಷ್ಟು ಸಲ ಆಯಿತೋ. ಮಾಡಿದವನಿಗೆ ನೆನಪಿರಲಿಲ್ಲ. ನೆನಪಿದ್ದದ್ದು ಸನ್ಯಾಸಿಗೆ. ಅವನಿಗೆ ತಲೆ ಚಿಟ್ಟುಹಿಡಿದುಹೋಯಿತು. ಒಂದು ಸಲ ಇವನು ಬರುವುದನ್ನು ಕಂಡು ಗವಿಯೊಳಗೆ ಹೋಗಿ ಮುಸುಕು ಹಾಕಿ ಮಲಗಿದ. ಅಣ್ಣ ಹೊರಗಿನ ಕಲ್ಲಿನ ಮೇಲೆ ಕೂತು ಕರೆದ.

"ಸ್ವಾಮಿ, ನನ್ನ ತಮ್ಮ ಹೊರಟುಹೋದ."

"ಗೊತ್ತು. ಬೂದಿಗಿಂತ ಕಡೆ ಎಂದೆ."

"ಅಯ್ಯೋ! ನೀವು ಎಲ್ಲ ಬಲ್ಲವರು!"

"ಬಲ್ಲದ್ದೂ ಇಲ್ಲ, ಮಣ್ಣೂ ಇಲ್ಲ. ನೀನೇ ಹೇಳಿದ್ದು. ಅದೇ ಕಲ್ಲಿನ ಮೇಲೆ ಕೂತು. ಈಗ ಅಳುತ್ತೀಯ. ಹೆಗಲ ಮೇಲಿನ ವಲ್ಲಿಯಲ್ಲಿ ಮೂಗು ಒರೆಸಿಕೊಳ್ಳುತ್ತೀಯ."

"ಸ್ವಾಮಿ, ನಾನು ಈ ಬೆಟ್ಟ ಹತ್ತಿದ್ದು ಇವತ್ತೇ ಮೊದಲು."

"ಅದನ್ನೂ ಪ್ರತಿ ಸಲ ಹೇಳುತ್ತೀಯ."

ಅಣ್ಣ ಅತ್ತ. ವಲ್ಲಿಯಲ್ಲಿ ಮೂಗು ಒರೆಸಿಕೊಂಡ.

ಸನ್ಯಾಸಿ ಮುಸುಕು ಕಿತ್ತೆಸೆದು ಎದ್ದು ಬಂದ. "ಈ ಸಲವೂ ಕಳಿಸುತ್ತೇನೆ. ಆದರೆ ನೆನಪನ್ನು ನಿನ್ನಲ್ಲೇ ಬಿಡುತ್ತೇನೆ. ಅವನು ಹೋದದ್ದು, ನೀನು ಹುಡುಕಿದ್ದು, ಎಲ್ಲ ಇರುತ್ತದೆ. ಬೇರೆ ಯಾರಿಗೂ ಅದು ಗೊತ್ತಿರುವುದಿಲ್ಲ. ತಮ್ಮನಿಗೂ ಇಲ್ಲ. ನೀನೊಬ್ಬನೇ ಹೊರಬೇಕು."

"ಬೇಡ ಸ್ವಾಮಿ. ತಮ್ಮ ಮನೆಯಲ್ಲೇ ಇರುವಾಗ ಆ ಸಂಕಟ ಯಾಕೆ?"

"ಅದಿಲ್ಲದೆ ನಿನ್ನನ್ನು ಕಳಿಸಿ ಕಳಿಸಿ ನನಗೆ ಸಾಕಾಗಿದೆ. ನಡೆ."

ಅಣ್ಣ ಆ ದಿನಕ್ಕೆ ಹೋದ. ಮಾತು ನುಂಗಿದ. ಅದೇನು ದೊಡ್ಡದಲ್ಲ, ಪ್ರತಿ ಸಲವೂ ನುಂಗಿದ್ದ. ಅದರ ಮುಂದಿನ ವರ್ಷ ಮತ್ತೆ ಆಲೆಮನೆ ಹೂಡಿದರು. ಊರವರು ಬಂದು ನಿಂತರು. ತಮ್ಮ ಯಾರ ಜೊತೆಗೋ ಹರಟುತ್ತ ಒಲೆ ತುಂಬಿದ. ಪಾಕ ಮೀರಿತು. ಮಾತು ಅಣ್ಣನ ನಾಲಿಗೆಗೆ ಬಂತು. ಅದರ ಹಿಂದೆಯೇ ಆ ಸಂತೆಗಳೂ ಬಂದವು, ಬಗ್ಗಿ ನೋಡಿದ ಒಲೆಗಳೂ ಬಂದವು.

ಅವನು ಕಬ್ಬಿನ ಗರಿ ಮುರಿದ. ಅದರ ಮೇಲೆ ಆ ಕಪ್ಪು ಬೆಲ್ಲದ ಮೊದಲ ಮುದ್ದೆ ಇಟ್ಟು ತಮ್ಮನ ಕೈಗೆ ಕೊಟ್ಟ.

ಬೈಗುಳಕ್ಕೆ ತಯಾರಾಗಿ ನಿಂತಿದ್ದ ತಮ್ಮ ಪಿಳಿಪಿಳಿ ನೋಡಿದ. "ಏನಣ್ಣ, ಕಳೆದುಹೋದವನು ಸಿಕ್ಕಿದ ಹಾಗೆ ನೋಡ್ತೀಯ? ನಾನೆಲ್ಲಿಗೆ ಹೋಗಿದ್ದೆ?"

"ಎಲ್ಲೂ ಇಲ್ಲ ಕಣೋ. ಹೊಗೆ, ಕಣ್ಣಿಗೆ ಹೋಯಿತು. ಉರಿ ಕಮ್ಮಿ ಮಾಡು."

ತಮ್ಮ ಬೆಲ್ಲ ಬಾಯಿಗೆ ಹಾಕಿಕೊಂಡು "ಥೂ, ಕಹಿ" ಎಂದ. ಅಣ್ಣನೂ ಒಂದು ಚೂರು ಮುರಿದು ತಿಂದ.

ಬೆಟ್ಟದ ಮೇಲೆ ಸನ್ಯಾಸಿ ದಾರಿ ನೋಡಿದ. ಯಾರೂ ಬರಲಿಲ್ಲ. ನೆಮ್ಮದಿಯಾಗಿ ಮಲಗಿದ.

ಕತೆ ಮುಗಿಸಿ ಗುರುಗಳು ಮೊರವನ್ನು ಹತ್ತಿರ ಎಳೆದುಕೊಂಡರು.

ಶಿಷ್ಯನ ಮುಖ ಅರಳಿತು. "ಹಾಗಾದರೆ ನೆನಪು ಉಳಿಯುವ ಕತೆಯೇ ಸರಿ! ನಾನು ಹೇಳಿದ್ದೇ ಗೆದ್ದಿತು! ಆ ನಂಜುಂಡನಿಗೆ ಎಲ್ಲರೆದುರು ಹೇಳುತ್ತೇನೆ, ಇರಿ."

ಗುರುಗಳು ಹಣೆ ಚಚ್ಚಿಕೊಂಡರು. ಅಂಗಳದ ಕಡೆ ಕೈ ತೋರಿಸಿದರು. ಅಲ್ಲಿ ನಂಜುಂಡ ತನ್ನ ಬಟ್ಟೆಯ ಗಂಟನ್ನು ಹೆಗಲಿಗೆ ಹಾಕಿಕೊಂಡು, ಮಠದ ಹೆಬ್ಬಾಗಿಲ ಬಳಿ ಬಗ್ಗಿ ಚಪ್ಪಲಿ ಮೆಟ್ಟುತ್ತಿದ್ದ.

ಶಿಷ್ಯ ಕೂತಲ್ಲಿಂದ ಎದ್ದು ನಿಂತ.

ಗುರುಗಳು ಹೇಳಿದರು: "ಹಿಂದಕ್ಕೆ ಕಳಿಸುವ ವಿದ್ಯೆ ನನಗೆ ಬರುವುದಿಲ್ಲ; ಅವನು ಇನ್ನೂ ಬಾಗಿಲು ದಾಟಿಲ್ಲ."